ಒಡೆದ ಬಟ್ಟಲಿಗೆ ಚಿನ್ನ ಹಾಕಿದರೆ ಬೆಲೆ ಏರುತ್ತದೆಯೇ?

ಪ್ರಶ್ನೆ: ಜಪಾನಿನ ಹಳೆಯ ಚಹಾ ಬಟ್ಟಲೊಂದು ನೋಡಿದ್ದೇನೆ. ಒಡೆದು, ಬಿರುಕಿಗೆ ಚಿನ್ನ ತುಂಬಿದ್ದಾರೆ. ಅದಕ್ಕೇ ಬೆಲೆ ಜಾಸ್ತಿ ಅನ್ನುತ್ತಾರೆ ಮಾರುವವರು. ಜಪಾನಿನಲ್ಲಿ ಇಡೀ ಬಟ್ಟಲಿಗಿಂತ ಒಡೆದು ಜೋಡಿಸಿದ್ದಕ್ಕೇ ಹೆಚ್ಚು ಬೆಲೆ ಅಲ್ವಾ? ಕೊಳ್ಳಬಹುದಾ?

ಇಲ್ಲ. ಹಾಗೇನಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ತಿಂಗಳು ಯಾರಾದರೂ ಕೇಳುತ್ತಾರೆ, ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ. ನೀವು ಕೊಡುವ ಮೊದಲೇ ಕೇಳಿದಿರಿ, ಸಂತೋಷ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತೇನೆ.

ಒಂದೇ ಕಾಲದ, ಒಂದೇ ಊರಿನ ಕರಾತ್ಸು ಎಂಬ ಜಪಾನೀ ಬಗೆಯ ಎರಡು ಮಣ್ಣಿನ ಬಟ್ಟಲುಗಳನ್ನು ಪಕ್ಕಪಕ್ಕ ಇಡಿ. ಒಂದು ಇಡಿಯಾಗಿದೆ, ಇನ್ನೊಂದು ಒಡೆದು ಜೋಡಿಸಿದ್ದು. ಉಳಿದದ್ದೆಲ್ಲ ಸಮ ಇದ್ದರೆ ಇಡಿಯಾಗಿರುವುದಕ್ಕೇ ಹೆಚ್ಚು ಬೆಲೆ. ಜಪಾನಿನ ಅಂಗಡಿಗಳಲ್ಲೂ ಹೀಗೇ. ಕೂದಲೆಳೆಯಷ್ಟು ಸೀಳಿದ್ದರೆ ‘ನ್ಯೂ’, ಅಂಚು ಚಕ್ಕೆ ಎದ್ದಿದ್ದರೆ ‘ಹೊತ್ಸು’, ರಿಪೇರಿ ಆಗಿದ್ದರೆ ‘ನಾವೊಶಿ’ ಎಂದು ಬರೆದಿಡುತ್ತಾರೆ. ಅದು ಹೊಗಳಿಕೆ ಅಲ್ಲ. ಐಬನ್ನು ಮುಚ್ಚಿಟ್ಟಿಲ್ಲ ಎಂದು ಗಿರಾಕಿಗೆ ತಿಳಿಸುವ ಮರ್ಯಾದೆ. ‘ಕಿನ್ ನಾವೊಶಿ’ ಅಂದರೆ ಚಿನ್ನದ ರಿಪೇರಿ. ಅದೂ ಆ ಪಟ್ಟಿಯಲ್ಲೇ ಬರುತ್ತದೆ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಇದೇ ಚಿನ್ನದ ರಿಪೇರಿಗೆ ಇರುವ ‘ಕಿಂತ್ಸುಗಿ’ ಎಂಬ ಪದ ಇವತ್ತು ಬಟ್ಟಲಿಗಿಂತ ಜಾಸ್ತಿ ಭಾಷಣಗಳಲ್ಲಿ ಸಿಗುತ್ತದೆ. ಮುರಿದ ಮನಸ್ಸು, ಗಾಯದ ಸೌಂದರ್ಯ, ಬಿರುಕಿಗೆ ಕರಗಿದ ಚಿನ್ನ ಸುರಿಯುವ ಜಪಾನೀಯರು, ಹೀಗೆ. ಮನಸ್ಸಿನ ವಿಷಯ ನನಗೆ ಗೊತ್ತಿಲ್ಲ. ಬಟ್ಟಲಿನ ವಿಷಯದಲ್ಲಿ ಮಾತ್ರ ಈ ಮಾತು ತಪ್ಪು.

ಚಿನ್ನವನ್ನು ಯಾರೂ ಸುರಿಯುವುದಿಲ್ಲ. ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕು. ರಾಕು ಎಂಬ ಬಗೆಯ ಕೆಂಪು ಚಹಾ ಬಟ್ಟಲನ್ನು ಸುಡುವುದೇ ಅದಕ್ಕಿಂತ ಕಡಿಮೆ ಬಿಸಿಯಲ್ಲಿ. ಅದರ ಮೇಲೆ ಕರಗಿದ ಚಿನ್ನ ಸುರಿದರೆ ಏನಾಗಬಹುದು, ನೀವೇ ಯೋಚಿಸಿ.

ಚೂರುಗಳನ್ನು ಹಿಡಿದಿಡುವುದು ಮರದ ಸೊನೆ. ಉರುಶಿ ಎಂಬ ಮರದ ಸೊನೆ. ಇದು ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗಲ್ಲ. ಅರಗು ಹುಳದಿಂದ ಬರುತ್ತದೆ. ಉರುಶಿ ನಮ್ಮ ಮಾವು, ಗೇರುಗಳ ಕುಟುಂಬದ ಮರ. ಮಾವಿನಕಾಯಿ ಕೀಳುವಾಗ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಇದರ ಗುಣ ಹೇಳಿಕೊಡಬೇಕಿಲ್ಲ. ಹಸಿ ಉರುಶಿ ತಾಗಿದರೆ ಮೈಯೆಲ್ಲ ಗುಳ್ಳೆ ಏಳುತ್ತದೆ. ಒಮ್ಮೆ ಗಟ್ಟಿಯಾದರೆ ಬಿಸಿ ಚಹಾ ಹಾಕಿ ಕುಡಿಯಬಹುದು.

ಸೊನೆಗೆ ಗೋಧಿ ಹಿಟ್ಟು ಕಲಸಿ ಅಂಟು ಮಾಡುತ್ತಾರೆ, ಚೂರು ಕೂಡಿಸುತ್ತಾರೆ. ಆಮೇಲೆ ನುಣ್ಣನೆಯ ಮಣ್ಣಿನ ಪುಡಿ ಸೇರಿಸಿದ ಸೊನೆಯಿಂದ ಸಂದು ಮೆತ್ತುತ್ತಾರೆ. ಇದು ಬಿಸಿಲಿಗೆ ಒಣಗುವ ವಸ್ತುವಲ್ಲ. ಗಟ್ಟಿಯಾಗಲು ತೇವ ಬೇಕು. ಮಳೆಗಾಲದ ಮಲೆನಾಡಿನಂಥ ಗಾಳಿ ತುಂಬಿದ ಪೆಟ್ಟಿಗೆಯಲ್ಲಿ ಬಟ್ಟಲನ್ನು ದಿನಗಟ್ಟಲೆ ಇಡುತ್ತಾರೆ. ಉಜ್ಜುತ್ತಾರೆ, ಮತ್ತೆ ಬಳಿಯುತ್ತಾರೆ, ಮತ್ತೆ ಇಡುತ್ತಾರೆ. ಕಡೆಗೆ ಸಣ್ಣ ಕುಂಚದಿಂದ ಕೆಂಪು ಉರುಶಿಯ ಒಂದು ಗೆರೆ. ಅದು ಅಂಟಂಟಾಗಿರುವಾಗ ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ. ಮುಗಿಯುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಇಷ್ಟರಲ್ಲಿ ಚಿನ್ನದ ಪಾಲು ಒಂದು ಚಿಟಿಕೆ. ಬೆಲೆ ಇರುವುದು ಆ ಕೈಗೆ, ಆ ದಿನಗಳಿಗೆ.

ಇನ್ನು ಎಲ್ಲರೂ ಹೇಳುವ ಆ ಕಥೆ. 15ನೇ ಶತಮಾನದ ಶೋಗನ್, ಅಂದರೆ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ, ಅಶಿಕಾಗಾ ಯೊಶಿಮಾಸನ ಚೀನಾ ಬಟ್ಟಲು ಬಿರುಕು ಬಿಟ್ಟಿತಂತೆ. ಚೀನಾಕ್ಕೆ ಕಳಿಸಿದನಂತೆ. ಅದು ಲೋಹದ ಕೊಂಡಿ ಹಾಕಿಸಿಕೊಂಡು ಕುರೂಪವಾಗಿ ವಾಪಸ್ ಬಂತಂತೆ, ಅದನ್ನು ನೋಡಲಾಗದೆ ಜಪಾನಿನವರು ಚಿನ್ನದ ಕೆಲಸ ಕಂಡುಹಿಡಿದರಂತೆ. ಆ ಬಟ್ಟಲು ಈಗಲೂ ಇದೆ, ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ. ಹೆಸರು ‘ಬಕೋಹಾನ್’. ತಿಳಿ ಹಸಿರು ಮೆರುಗಿನ, ಹೂವಿನಂತೆ ಅಂಚಿರುವ ಬಟ್ಟಲು. ಅದರಲ್ಲಿ ಚಿನ್ನ ಇಲ್ಲವೇ ಇಲ್ಲ. ಕೊಂಡಿಗಳು ಹಾಗೇ ಇವೆ. ಅವು ಮಿಡತೆಗಳ ಹಾಗೆ ಕಾಣುತ್ತವೆ ಎಂದೇ ಆ ಹೆಸರು. ಇದಕ್ಕೆ ಸರಿಸಾಟಿಯಾದ ಇನ್ನೊಂದು ಈಗ ಸಿಗದು ಎಂದು ಚೀನಾದವರು ಇದನ್ನೇ ಸರಿಮಾಡಿ ಕಳಿಸಿದರು ಎಂಬುದು ಬಟ್ಟಲಿನ ಜೊತೆ ಬಂದಿರುವ ಬರಹ. ಅದನ್ನು ಬರೆದದ್ದೂ 1727ರಲ್ಲಿ. ಕೊಂಡಿಯನ್ನು ಯಾರೂ ಕುರೂಪ ಅನ್ನಲಿಲ್ಲ, ಮೆಚ್ಚಿಕೊಂಡು ಇಟ್ಟುಕೊಂಡರು.

‘ಜಪಾನೀಯರು ಬಿರುಕನ್ನು ಬಚ್ಚಿಡುವುದಿಲ್ಲ’ ಅನ್ನುವವರಿಗೆ ನಾನು ತೋರಿಸುವುದು ‘ತ್ಸುಕುಮೊ ನಾಸು’ವನ್ನು. ಚಹಾ ಪುಡಿ ಇಡುವ, ಅಂಗೈಯಲ್ಲಿ ಹಿಡಿಸುವ ಬದನೆಕಾಯಿ ಆಕಾರದ ಪುಟ್ಟ ಭರಣಿ. 1568ರಲ್ಲಿ ಸೇನಾನಾಯಕ ಓಡಾ ನೊಬುನಾಗನ ಕೈ ಸೇರಿತು, ಆಮೇಲೆ ಅವನ ನಂತರ ಅಧಿಕಾರಕ್ಕೆ ಬಂದ ಹಿದೆಯೊಶಿಗೆ. 1615ರಲ್ಲಿ ಒಸಾಕಾ ಕೋಟೆ ಉರಿದಾಗ ಅದೂ ಒಳಗಿತ್ತು. ಕೋಟೆ ಗೆದ್ದ ತೊಕುಗಾವಾ ಇಎಯಾಸು ಬೂದಿಯಲ್ಲಿ ಹುಡುಕಿಸಿದ. ಫುಜಿಶಿಗೆ ಮನೆತನದ ಅಪ್ಪ ಮಗ ಚೂರುಗಳನ್ನು ಆರಿಸಿ ತಂದು ಉರುಶಿಯಲ್ಲಿ ಜೋಡಿಸಿದರು. ಚಿನ್ನದ ಒಂದು ಗೆರೆಯೂ ಇಲ್ಲ. ಮೆರುಗು ಇಳಿದ ಗುರುತನ್ನು ಕೂಡ ಉರುಶಿಯಲ್ಲೇ ಬರೆದರು. ಬರಿಗಣ್ಣಿಗೆ ಅದು ಎಂದೂ ಒಡೆಯದ ಭರಣಿ. ನಮ್ಮ ಕಾಲದಲ್ಲಿ ಎಕ್ಸ್‌ರೇ ತೆಗೆದಾಗಲೇ ಒಳಗೆ ಎಷ್ಟು ಚೂರಾಗಿದೆ ಎಂದು ಕಂಡದ್ದು. ಇಎಯಾಸು ಎಷ್ಟು ಮೆಚ್ಚಿದನೆಂದರೆ ಭರಣಿಯನ್ನು ಆ ಮನೆತನಕ್ಕೇ ಕೊಟ್ಟುಬಿಟ್ಟ. ಈಗ ಟೋಕಿಯೊದ ಸೆಯ್ಕಾದೊ ಸಂಗ್ರಹದಲ್ಲಿದೆ. ಅಲ್ಲಿಗೆ ಹೋದರೆ ಇದನ್ನು ನೋಡದೆ ಬರಬೇಡಿ.

ಚಿನ್ನ ನಿಜಕ್ಕೂ ಶೋಭೆ ತಂದ ಬಟ್ಟಲುಗಳೂ ಇವೆ. ಹೆಸರಾಂತ ಕಲಾವಿದ ಹೊನಾಮಿ ಕೊಯೆತ್ಸು ಮಾಡಿದ ಕೆಂಪು ರಾಕು ಬಟ್ಟಲು ‘ಸೆಪ್ಪೊ’ ಸುಡುವಾಗಲೇ ಸೀಳಿತು. ಆ ಸೀಳಿಗೆ ಚಿನ್ನ ಹಾಕಿದ್ದಾರೆ. ಹೆಸರಿನ ಅರ್ಥ ಹಿಮದ ಶಿಖರ. ಮೇಲೆ ಬಿಳಿ ಮೆರುಗು, ಕೆಳಗೆ ಹರಿದು ಬಂದಂತೆ ಚಿನ್ನ. ನೋಡಲು ಎರಡು ಕಣ್ಣು ಸಾಲದು. ಆದರೆ ಅದು ಕೊಯೆತ್ಸುವಿನ ಕೈಯದ್ದು. ಬಟ್ಟಲು ಮೊದಲೇ ಬೆಲೆಬಾಳುವಂಥದ್ದು, ಅದಕ್ಕೇ ಜೋಡಿಸಿದರು. ಈ ಮಾತನ್ನು ತಿರುಗಿಸಿ ಹೇಳುವವರೇ ನಿಮಗೆ ಹೆಚ್ಚು ಬೆಲೆ ಹೇಳುತ್ತಿರುವವರು.

ಈಗ ಕೊಳ್ಳುವ ವಿಷಯ. ನಾನೂ ಮೊದಮೊದಲು ಮೋಸ ಹೋಗಿದ್ದೇನೆ. ದಪ್ಪ ಚಿನ್ನದ ಗೆರೆಯ, ಹಗಿ ಎಂಬ ಜಪಾನೀ ಬಗೆಯ ಬಟ್ಟಲೊಂದನ್ನು ಫೋಟೊ ನೋಡಿ ತರಿಸಿದೆ. ಮೂರನೇ ಸಲ ಬಿಸಿನೀರು ಹಾಕಿದಾಗ ಪ್ಲಾಸ್ಟಿಕ್ ವಾಸನೆ ಬಂತು. ಉಗುರಿನಿಂದ ಒತ್ತಿದರೆ ಗೆರೆಯ ಮೇಲೆ ಗುರುತು ಬಿತ್ತು. ಎಪಾಕ್ಸಿ ಅಂಟಿಗೆ ಹಿತ್ತಾಳೆ ಪುಡಿ ಬೆರೆಸಿದ್ದರು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಹಗಿ ಬಟ್ಟಲಿನ ಮೆರುಗಿನಲ್ಲಿ ಸಣ್ಣ ಸಣ್ಣ ಬಿರುಕಿನ ಬಲೆ ಇರುತ್ತದೆ. ಬಳಸಿದಷ್ಟೂ ಚಹಾ ಅದರೊಳಗೆ ಇಳಿದು ಬಣ್ಣ ಕೊಡುತ್ತದೆ. ಈ ಬಟ್ಟಲಿಗೂ ಬಣ್ಣ ಇಳಿದಿತ್ತು. ಅಂಟನ್ನು ಬಿಡಿಸಿ ನೋಡಿದರೆ ಒಡೆದ ಮುಖ ಮಾತ್ರ ಹೊಸದಾಗಿ ಮುರಿದ ಹಂಚಿನಂತೆ ಚೊಕ್ಕವಾಗಿತ್ತು. ಚಹಾದ ಗುರುತೇ ಇಲ್ಲ. ಚೆನ್ನಾಗಿದ್ದ ಹಳೆಯ ಬಟ್ಟಲನ್ನು ‘ಚಿನ್ನ’ ಹಾಕಿ ಮಾರುವುದಕ್ಕೇ ಒಡೆದಿದ್ದಾರೆ ಅಂತ ನನಗೆ ಅವತ್ತೇ ಅನಿಸಿತು, ಇವತ್ತಿಗೂ ಹಾಗೇ ಅನಿಸುತ್ತದೆ. ನಿಮ್ಮ ನಂಬಿಕೆಯ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆ ಎಂದರೆ ಇದಕ್ಕೇ.

ಹಳೆಯ ಅಸಲಿ ಗೆರೆ ಸಣ್ಣಗಿರುತ್ತದೆ. ಸ್ವಲ್ಪ ಉಬ್ಬು, ಮಂದ ಹೊಳಪು. ತುಟಿ ತಾಗುವ ಅಂಚಿನಲ್ಲಿ ಚಿನ್ನ ಸವೆದು ಕೆಳಗಿನ ಕೆಂಪು ಇಣುಕುತ್ತದೆ. ಕನ್ನಡಿಯಂತೆ ಹೊಳೆಯುವ, ಗುಳ್ಳೆ ಎದ್ದ ದಪ್ಪ ಹಳದಿ ಗೆರೆ ಕಂಡರೆ ಕೆಳಗಿಡಿ. ಬಟ್ಟಲನ್ನು ಬೆರಳ ತುದಿಯ ಮೇಲೆ ಕೂರಿಸಿ ಉಗುರಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಮಣ್ಣಿನದು ಸೀಳಿದ್ದರೆ ಸದ್ದು ಬೊದ್ದಾಗಿ ಬರುತ್ತದೆ. ರಾಕುವಿಗೆ ಈ ಪರೀಕ್ಷೆ ನಡೆಯದು, ಅದರ ಮೈ ಮೆತ್ತಗೆ, ಸದ್ದು ಯಾವಾಗಲೂ ಮೆತ್ತಗೇ. ಕೊಂಡ ಮೇಲೆ ಮೈಕ್ರೊವೇವ್ ಬೇಡ, ಬಿಸಿಲೂ ಬೇಡ.

ಯಾರೂ ಕೇಳದಿದ್ದರೂ ಪೆಟ್ಟಿಗೆಯ ಮಾತು ಹೇಳಿಬಿಡುತ್ತೇನೆ. ಏಕೆಂದರೆ ಚಿನ್ನ ನೋಡುವವರು ಪೆಟ್ಟಿಗೆಯನ್ನು ತಿರುಗಿಯೂ ನೋಡುವುದಿಲ್ಲ. ಒಳ್ಳೆಯ ಬಟ್ಟಲು ‘ಕಿರಿ’ ಎಂಬ ಹಗುರ ಮರದ ಪೆಟ್ಟಿಗೆಯಲ್ಲಿ, ನೇಯ್ದ ಚಪ್ಪಟೆ ದಾರ ಕಟ್ಟಿಕೊಂಡು ಬರುತ್ತದೆ. ಮುಚ್ಚಳದ ಮೇಲೆ ಕುಂಬಾರ ತಾನೇ ಹೆಸರು ಬರೆದಿದ್ದರೆ ಅದು ‘ತೊಮೊಬಾಕೊ’. ವಂಶದ ಮುಂದಿನವರೋ ಚಹಾ ಗುರುಗಳೋ ನೋಡಿ ಬರೆದದ್ದೂ ಇರುತ್ತದೆ. ಬೆಲೆಯನ್ನು ನಿಜವಾಗಿ ಏರಿಸುವುದು ಈ ಬರಹ. ಆದರೆ ಪೆಟ್ಟಿಗೆ ಒಂದರದ್ದು, ಬಟ್ಟಲು ಇನ್ನೊಂದರದ್ದು ಆಗಿರುವುದೂ ಉಂಟು. ಬಟ್ಟಲನ್ನು ಒಳಗಿಟ್ಟು ನೋಡಿ. ಅಳತೆಗೆ ಮಾಡಿಸಿದ ಪೆಟ್ಟಿಗೆಯಲ್ಲಿ ಬಟ್ಟಲು ಲೊಡಲೊಡ ಅನ್ನುವುದಿಲ್ಲ. ಬಟ್ಟಲು ಮುನ್ನೂರು ವರ್ಷದ್ದು, ದಾರ ನಿನ್ನೆಯದು ಎಂದಾದರೆ ದಾರ ಯಾವಾಗ ಬದಲಾಯಿತು ಎಂದು ಕೇಳಿ. ದಾರ ಹರಿದು ಬದಲಾಯಿಸುವುದು ತಪ್ಪೇನಲ್ಲ, ಕೇಳಿದರೆ ಪ್ರಾಮಾಣಿಕರು ಹೇಳುತ್ತಾರೆ.

ಕ್ಯೋಟೊದ ತೋಜಿ ದೇವಸ್ಥಾನದ ಅಂಗಳದಲ್ಲಿ ಪ್ರತಿ ತಿಂಗಳು 21ನೇ ತಾರೀಕು ಸಂತೆ ಸೇರುತ್ತದೆ. ನನ್ನ ಕರಾತ್ಸು ಬಟ್ಟಲು ಅಲ್ಲಿಯದೇ. ಪೆಟ್ಟಿಗೆ ಇಲ್ಲ. ಅಂಚಿನಲ್ಲಿ ಎರಡು ಬೆರಳಗಲ ನಾವೊಶಿ ಇದೆ, ಚಿನ್ನ ಮುಕ್ಕಾಲು ಹೋಗಿದೆ. ಅದನ್ನು ತೋರಿಸಿಯೇ ಮಾರಿದ ಅಜ್ಜ, ಅದಕ್ಕೇ ಬೆಲೆಯನ್ನೂ ಇಳಿಸಿದ. ನಿಮಗೆ ಮಾರುತ್ತಿರುವವರು ಅದೇ ಗೆರೆ ತೋರಿಸಿ ಏರಿಸುತ್ತಿದ್ದಾರೆ. ಆ ಬಟ್ಟಲು ಬೇಡ, ಬಿಡಿ.