ಒಂದೇ ಹೆಸರಿನ ಹೆಂಗಸರು, ಅವರನ್ನು ಬಿಡಿಸಿಟ್ಟ ಪುಸ್ತಕಗಳು

ಸುವಾರ್ತೆಗಳನ್ನು ಓದುವವರಿಗೆ ಮರಿಯಳು ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಯೇಸುವಿನ ತಾಯಿ ಮರಿಯಳು, ಕ್ಲೋಪನ ಹೆಂಡತಿ ಮರಿಯಳು, ಮಗ್ದಲದ ಮರಿಯಳು, ಬೇಥಾನ್ಯದ ಮರಿಯಳು. ಆ ಕಾಲದ ಯೆಹೂದ್ಯರಲ್ಲಿ ಅದು ಮನೆಮನೆಯ ಹೆಸರು. ಹಾಗಾಗಿ ಸುವಾರ್ತೆ ಬರೆದವರು ಊರನ್ನೋ ಗಂಡನನ್ನೋ ಮಗನನ್ನೋ ಹಿಡಿದು ಒಬ್ಬೊಬ್ಬರ ಗುರುತು ಹೇಳಿದರು. ಮುಂದೆ ಆ ಎಚ್ಚರ ತಪ್ಪಿತು. 591ರಲ್ಲಿ ಪೋಪ್ ಒಂದನೇ ಗ್ರೆಗರಿ ಅವರು ಒಂದು ಪ್ರವಚನದಲ್ಲಿ ಮಗ್ದಲದ ಮರಿಯಳು, ಬೇಥಾನ್ಯದ ಮರಿಯಳು ಮತ್ತು ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆಯುವ, ಪಾಪಿ ಎನಿಸಿಕೊಂಡ ಹೆಸರಿಲ್ಲದ ಹೆಂಗಸು, ಮೂವರೂ ಒಬ್ಬಳೇ ಎಂದರು. ಯೋಹಾನನ ಸುವಾರ್ತೆಯ ಪ್ರಕಾರ ಪುನರುತ್ಥಾನಗೊಂಡ ಯೇಸುವನ್ನು ಮೊದಲು ಕಂಡವಳು ಮಗ್ದಲದ ಮರಿಯಳು. ಅಂಥವಳು ಪಶ್ಚಿಮದ ಕ್ರೈಸ್ತರ ಕಣ್ಣಿನಲ್ಲಿ ಪಶ್ಚಾತ್ತಾಪಪಟ್ಟ ವೇಶ್ಯೆಯಾಗಿ ಉಳಿದಳು.

ಈ ಸಿಕ್ಕನ್ನು ಬಿಡಿಸಲು ಫ್ರಾನ್ಸಿನ ವಿದ್ವಾಂಸ ಜಾಕ್ ಲಫೆವ್ರ್ ದೆತಾಪ್ಲ್ 1517ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೂವರೂ ಬೇರೆ ಬೇರೆ ಹೆಂಗಸರು ಎಂಬುದು ಅವರ ವಾದ. ಇಂಗ್ಲೆಂಡಿನ ಬಿಷಪ್ ಜಾನ್ ಫಿಶರ್ ಅದಕ್ಕೆ ಪ್ರತಿವಾದ ಹೂಡಿದರು. 1521ರಲ್ಲಿ ಪ್ಯಾರಿಸ್ಸಿನ ಧರ್ಮಪಂಡಿತರು ಲಫೆವ್ರ್ ಅವರ ಮಾತನ್ನು ಖಂಡಿಸಿದರು. ಕ್ಯಾಥೊಲಿಕ್ ಚರ್ಚು ತನ್ನ ಹಬ್ಬಗಳ ಪಟ್ಟಿಯನ್ನು ಪರಿಷ್ಕರಿಸಿ, ಮಗ್ದಲದ ಮರಿಯಳ ದಿನ ಅವಳೊಬ್ಬಳದೇ ಎಂದು ಸ್ಪಷ್ಟಪಡಿಸಿದ್ದು 1969ರಲ್ಲಿ. ಒಬ್ಬ ಹೆಂಗಸಿನ ಗುರುತು ಅವಳಿಗೇ ಮರಳಲು ನಾಲ್ಕೂವರೆ ಶತಮಾನ ಬೇಕಾಯಿತು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹೆಸರು ಒಂದೇ ಆಗುವುದರ ಹಿಂದೆ ಪದ್ಧತಿಗಳಿದ್ದವು. ರೋಮನ್ನರಲ್ಲಿ ಮಗಳಿಗೆ ಕುಲದ ಹೆಸರೇ ಹೆಸರು. ಮಾರ್ಕ್ ಆಂಟನಿಯ ಮಗಳು ಆಂಟೋನಿಯಾ, ಅವಳ ತಂಗಿಯೂ ಆಂಟೋನಿಯಾ. 1800ರ ಸುಮಾರಿನ ಇಂಗ್ಲೆಂಡಿನಲ್ಲಿ ಮೇರಿ, ಎಲಿಜಬೆತ್, ಆನ್ ಎಂಬ ಮೂರೇ ಹೆಸರುಗಳನ್ನು ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು ಹಂಚಿಕೊಂಡಿದ್ದರು. ಮದುವೆಯಾದೊಡನೆ ಮನೆತನದ ಹೆಸರೂ ಬದಲಾಗುತ್ತಿತ್ತು.

ಕಾದಂಬರಿಕಾರರು ಸಾಮಾನ್ಯವಾಗಿ ಇಬ್ಬರಿಗೆ ಒಂದೇ ಹೆಸರಿಡುವುದಿಲ್ಲ, ಓದುಗರು ದಾರಿ ತಪ್ಪುತ್ತಾರೆ. ಎಮಿಲಿ ಬ್ರಾಂಟೆ 1847ರ ‘ವುದರಿಂಗ್ ಹೈಟ್ಸ್’ನಲ್ಲಿ ಬೇಕೆಂದೇ ತಾಯಿ, ಮಗಳು ಇಬ್ಬರಿಗೂ ಕ್ಯಾಥರೀನ್ ಎಂದು ಹೆಸರಿಟ್ಟರು. ಆರಂಭದಲ್ಲೇ ಒಬ್ಬ ಅತಿಥಿ ಕಿಟಕಿಯ ಕಟ್ಟೆಯ ಬಣ್ಣದ ಮೇಲೆ ಕೆರೆದ ಅಕ್ಷರಗಳನ್ನು ಓದುತ್ತಾನೆ: ಕ್ಯಾಥರೀನ್ ಅರ್ನ್‌ಶಾ, ಕ್ಯಾಥರೀನ್ ಹೀತ್‌ಕ್ಲಿಫ್, ಕ್ಯಾಥರೀನ್ ಲಿಂಟನ್. ತಾಯಿ ಅರ್ನ್‌ಶಾ ಆಗಿ ಹುಟ್ಟಿ ಲಿಂಟನ್ ಆಗಿ ಸಾಯುತ್ತಾಳೆ. ಮಗಳು ಲಿಂಟನ್ ಆಗಿ ಹುಟ್ಟಿ, ಮದುವೆಯಿಂದ ಹೀತ್‌ಕ್ಲಿಫ್ ಆಗಿ, ಕೊನೆಗೆ ಮತ್ತೊಂದು ಮದುವೆಯಿಂದ ಅರ್ನ್‌ಶಾ ಆಗುವ ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಇಡೀ ಕಾದಂಬರಿ ಆ ಕಿಟಕಿಯ ಕಟ್ಟೆಯ ಮೇಲಿದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಮಾಡಿದ ಕೆಲಸ. 1548ರಲ್ಲಿ ಸ್ಕಾಟ್ಲೆಂಡಿನ ಬಾಲರಾಣಿ ಮೇರಿ ಫ್ರಾನ್ಸಿಗೆ ಹೊರಟಾಗ ಜೊತೆಗೆ ಹೋದ ನಾಲ್ವರು ಹುಡುಗಿಯರೂ ಮೇರಿಯರೇ: ಸೀಟನ್, ಬೀಟನ್, ಫ್ಲೆಮಿಂಗ್, ಲಿವಿಂಗ್‌ಸ್ಟನ್. ಜನಪದ ಲಾವಣಿ ಕೊನೆಯ ಇಬ್ಬರನ್ನು ಕೈಬಿಟ್ಟು ಕಾರ್‌ಮೈಕಲ್, ಹ್ಯಾಮಿಲ್ಟನ್ ಎಂಬ ಮೇರಿಯರನ್ನು ತಂದಿತು. ಲಾವಣಿ ಹಾಡುವವಳು ಮೇರಿ ಹ್ಯಾಮಿಲ್ಟನ್. ಹೆತ್ತ ಮಗುವನ್ನು ಕೊಂದ ತಪ್ಪಿಗೆ ನೇಣಿಗೆ ಹೊರಟವಳು. ಹೆಂಗಸು ಬರೆಯಬೇಕಾದರೆ ಹಣವೂ ತನ್ನದೇ ಕೋಣೆಯೂ ಬೇಕು ಎಂದು ವಾದಿಸುವ 1929ರ ‘ಎ ರೂಮ್ ಆಫ್ ಒನ್ಸ್ ಓನ್’ನಲ್ಲಿ ವುಲ್ಫ್, ತನ್ನನ್ನು ಮೇರಿ ಬೀಟನ್, ಮೇರಿ ಸೀಟನ್, ಮೇರಿ ಕಾರ್‌ಮೈಕಲ್ ಎಂದು ಹೇಗಾದರೂ ಕರೆಯಿರಿ ಎನ್ನುತ್ತಾರೆ. ಆ ಪುಸ್ತಕದಲ್ಲಿ ನಿರೂಪಕಿಗೆ ವರ್ಷಕ್ಕೆ 500 ಪೌಂಡ್ ಬರುವಂತೆ ಆಸ್ತಿ ಬಿಟ್ಟುಹೋದ ಚಿಕ್ಕಮ್ಮನೂ ಮೇರಿ ಬೀಟನ್, ಬಡ ಮಹಿಳಾ ಕಾಲೇಜಿನ ಗೆಳತಿ ಸೀಟನ್, ಹೊಸ ಕಾದಂಬರಿಕಾರ್ತಿ ಕಾರ್‌ಮೈಕಲ್. ನಾಲ್ಕನೆಯವಳ ಹೆಸರನ್ನು ಅವರು ಎತ್ತುವುದೇ ಇಲ್ಲ. ಲಾವಣಿ ಬಲ್ಲವರಿಗೆ ಆ ಗೈರುಹಾಜರಿ ತಟ್ಟನೆ ಕಾಣುತ್ತದೆ: ಬರೆಯಲು ಕೋಣೆಯೂ ಹಣವೂ ಇಲ್ಲದ ಹೆಂಗಸಿನ ಪಾಡು ಏನಾಗುತ್ತದೆ ಎಂಬ ಪ್ರಶ್ನೆಯ ಪಕ್ಕದಲ್ಲಿ ಅವಳು ನಿಂತಿದ್ದಾಳೆ.

ಇತ್ತೀಚಿನ ಜೀವನಚರಿತ್ರೆಗಳು ಒಂದೇ ಹೆಸರಿನವರನ್ನು ಒಟ್ಟಿಗೇ ಕೂರಿಸಿ ಬೇರ್ಪಡಿಸುತ್ತವೆ. ಮಹಿಳಾ ಹಕ್ಕುಗಳ ಪ್ರತಿಪಾದಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮಗಳನ್ನು ಹೆತ್ತದ್ದು 1797ರ ಆಗಸ್ಟ್ 30ರಂದು. ಬಾಣಂತಿ ಜ್ವರದಿಂದ ತೀರಿಕೊಂಡದ್ದು ಸೆಪ್ಟೆಂಬರ್ 10ರಂದು. ತಾಯಿಯ ಸಮಾಧಿಯ ಕಲ್ಲಿನಲ್ಲಿ ಕೆತ್ತಿದ್ದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಗಾಡ್ವಿನ್ ಎಂಬುದೇ ಮಗಳ ಹೆಸರೂ ಆಗಿತ್ತು. ಗಂಡ ವಿಲಿಯಂ ಗಾಡ್ವಿನ್ 1798ರಲ್ಲಿ ಬರೆದ ನೆನಪಿನ ಪುಸ್ತಕ ತಾಯಿಯ ಖಾಸಗಿ ಬದುಕನ್ನು ಬಯಲಿಗಿಟ್ಟು ಅವಳ ಹೆಸರು ಕೆಡಿಸಿತು. ಮಗಳು ಮೇರಿ ಶೆಲ್ಲಿ 1818ರಲ್ಲಿ ಹೆಸರಿಲ್ಲದೆ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ ಅನ್ನು ಅವಳ ಗಂಡ ಬರೆದಿರಬೇಕೆಂದು ಹಲವರು ನಂಬಿದರು. ಷಾರ್ಲೆಟ್ ಗೋರ್ಡನ್ 2015ರ ‘ರೊಮ್ಯಾಂಟಿಕ್ ಔಟ್‌ಲಾಸ್’ನಲ್ಲಿ ಒಂದು ಅಧ್ಯಾಯ ತಾಯಿಗೆ, ಮುಂದಿನದು ಮಗಳಿಗೆ ಎಂದು ಸರದಿಯಂತೆ ಬರೆದರು. ಹೀಗೆ ಓದುವಾಗ ಇಬ್ಬರ ಕಷ್ಟ, ಸಾಲ, ಊರೂರು ಅಲೆದಾಟ, ಬರವಣಿಗೆಯ ಹಟ ಅಕ್ಕಪಕ್ಕದಲ್ಲೇ ಸಿಗುತ್ತವೆ. ಹಾಗಿದ್ದೂ ಒಬ್ಬರ ಮಾತನ್ನು ಇನ್ನೊಬ್ಬರದೆಂದು ತಿಳಿಯಲು ಎಲ್ಲೂ ಆಸ್ಪದವಿಲ್ಲ.