ಡಿಸೆಂಬರ್ ಟಿಕೆಟ್ ತೆಗೆಯುವ ಮುಂಚೆ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಾಫ್ಟ್‌ವೇರ್ ಇಂಜಿನಿಯರೂ ಬ್ಯಾಲೆ ನರ್ತಕಿಯೂ ಜೋಡಿಯಾದರೆ ಸುತ್ತಲಿನವರ ಮಾತು ಸಿದ್ಧವಾಗಿರುತ್ತದೆ: ಅವನಿಗೆ ದುಡ್ಡಿದೆ, ರಸಿಕತೆಯಿಲ್ಲ, ಅವಳು ನಾಜೂಕು, ಊಟವನ್ನೇ ಮಾಡುವುದಿಲ್ಲ. ಆಪ್ತಸಲಹೆಗೆ ಬರುವ ಇಂಥ ಜಗಳಗಳನ್ನು ಬಿಡಿಸುತ್ತ ಹೋದರೆ ಸ್ವಭಾವಕ್ಕಿಂತ ಮೊದಲು ಎದುರಾಗುವುದು ಕ್ಯಾಲೆಂಡರ್.

ನರ್ತಕರಿಗೆ ಬೆಳಿಗ್ಗೆ ಸುಮಾರು ಒಂದೂವರೆ ಗಂಟೆ ಕ್ಲಾಸ್, ಆಮೇಲೆ ಸಂಜೆಯವರೆಗೆ ರಿಹರ್ಸಲ್. ಪ್ರದರ್ಶನವಿದ್ದರೆ ರಾತ್ರಿ ಹತ್ತಾಗುತ್ತದೆ. ಮೈ ಕಾವು ಇಳಿದು ಊಟಕ್ಕೆ ಕೂರುವಾಗ ಹನ್ನೊಂದು. ಸಂಜೆ ಏಳಕ್ಕೆ ತಿನ್ನದವಳು ತಿನ್ನುವುದೇ ಇಲ್ಲ ಎಂಬ ಕಲ್ಪನೆ ಹುಟ್ಟುವುದು ಇಲ್ಲಿಂದ. ಅವಳ ತಟ್ಟೆಯ ಬಗ್ಗೆ ಮಾತೇ ಬೇಡ, ಹೊಗಳಿಕೆಯೂ ಬೇಡ. ನಾಜೂಕು ಎನ್ನುವವರು, ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯಲು ಹಾಕುವ ಪಾಯಿಂಟ್ ಶೂ ಕೈಯಲ್ಲಿ ಹಿಡಿದು ನೋಡಲಿ: ಬಟ್ಟೆ, ಕಾಗದ, ಅಂಟಿನ ಪದರಗಳಿಂದ ಗಟ್ಟಿಮಾಡಿದ ತುದಿ. ದೊಡ್ಡ ಪಾತ್ರವಾದರೆ ಒಂದೇ ರಾತ್ರಿಗೆ ಒಂದು ಜೊತೆ ಮೆತ್ತಗಾಗಿಬಿಡುತ್ತದೆ. ರಿಬ್ಬನ್, ಎಲಾಸ್ಟಿಕ್ ಹೊಲಿದುಕೊಳ್ಳುವುದು ಅವಳೇ. ನೀವು ಮಾತಾಡುವಾಗ ಅವಳ ಕೈಯಲ್ಲಿ ಸೂಜಿ ಇದ್ದರೆ ಅದು ಅಲಕ್ಷ್ಯವಲ್ಲ, ನಾಳೆಯ ಕೆಲಸ.

ಅತಿ ಹೆಚ್ಚು ಅನರ್ಥ ಮಾಡುವ ಪದ ‘ಲೇಆಫ್’. ಇಂಜಿನಿಯರ್ ಕಿವಿಗೆ ಅದು ನೌಕರಿ ಹೋದ ಸುದ್ದಿ. ಅಮೆರಿಕದ ಬ್ಯಾಲೆ ಕಂಪನಿಗಳಲ್ಲಿ ಒಪ್ಪಂದವಾಗುವುದು ವರ್ಷಕ್ಕೆ ಇಷ್ಟು ವಾರ ಎಂದು. ಉಳಿದ, ಸಂಬಳವಿಲ್ಲದ ವಾರಗಳೇ ಅವರ ಲೇಆಫ್. ಗಾಬರಿಬಿದ್ದ ಅವನು ಬಾಡಿಗೆಯೆಲ್ಲ ತಾನೇ ಕಟ್ಟುತ್ತೇನೆ ಎನ್ನುತ್ತಾನೆ, ಅವಳಿಗೆ ಅದು ದಾನದಂತೆ ಕೇಳಿಸುತ್ತದೆ. ಬಾಡಿಗೆಯ ಪಾಲನ್ನು ತಿಂಗಳ ಸಂಬಳದ ಮೇಲಲ್ಲ, ಇಬ್ಬರ ವಾರ್ಷಿಕ ಆದಾಯದ ಅನುಪಾತದಲ್ಲಿ ನಿಗದಿಮಾಡಿ. ಸಂಬಳದ ವಾರಗಳಲ್ಲೇ ಬಿಡುವಿನ ವಾರಗಳ ಪಾಲನ್ನು ತೆಗೆದಿಡಿ.

ಹದಿನೈದು ದಿನಕ್ಕೊಮ್ಮೆ ಇಬ್ಬರೂ ಕೂತು ಮೊದಲು ಪ್ರದರ್ಶನದ ದಿನಗಳನ್ನು, ನಂತರ ಇಂಜಿನಿಯರನ ಆನ್-ಕಾಲ್ ಸರದಿಯನ್ನು, ಅಂದರೆ ಸಿಸ್ಟಮ್ ಕೆಟ್ಟರೆ ಯಾವ ಹೊತ್ತಿನಲ್ಲೂ ಕರೆಗೆ ಸಿದ್ಧವಿರಬೇಕಾದ ದಿನಗಳನ್ನು ಬರೆಯಿರಿ. ಎರಡೂ ಒಂದೇ ವಾರ ಬಿದ್ದರೆ ಸಹೋದ್ಯೋಗಿಯೊಂದಿಗೆ ಸರದಿ ಬದಲಿಸಿಕೊಳ್ಳಿ. ಪಾತ್ರಪಟ್ಟಿ ಹಾಕುವವರೆಗೆ ಶನಿವಾರದ ಮಾತು ಕೊಡಬೇಡಿ. ಹೆಚ್ಚಾಗಿ ಅವಳ ರಜೆ ಸೋಮವಾರ, ಹಾಗಾಗಿ ಹೊರಗಿನ ಊಟ ಆ ರಾತ್ರಿಗಿರಲಿ.

ಅಲ್ಲಿರುವ ಕನ್ನಡಿಗರಿಗೆ ಒಂದು ವಿಶೇಷ ಎಚ್ಚರಿಕೆ. ಡಿಸೆಂಬರ್ ಕೊನೆಗೆ ಹಲವು ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೋಡ್ ಫ್ರೀಜ್, ಅಂದರೆ ಹೊಸ ಬದಲಾವಣೆಗಳಿಗೆ ತಡೆ. ಬೆಂಗಳೂರಿಗೆ ಹೊರಡುವ ಕಾಲ. ಬ್ಯಾಲೆಯವರಿಗೆ ಅದೇ ಕ್ರಿಸ್‌ಮಸ್ ಹೊತ್ತಿನ ಬ್ಯಾಲೆ ‘ನಟ್‌ಕ್ರ್ಯಾಕರ್’ನ ಕಾಲ, ಎಷ್ಟೋ ದಿನ ಎರಡೆರಡು ಪ್ರದರ್ಶನ. ಜೊತೆಯಾಗಿ ಊರಿಗೆ ಹೋಗಬೇಕಿದ್ದರೆ ಸೀಸನ್ ಮುಗಿದ ಮೇಲಿನ ಬಿಡುವಿನ ವಾರಗಳನ್ನು ಕೇಳಿಕೊಂಡು ಟಿಕೆಟ್ ತೆಗೆಯಿರಿ. ಮನೆಯವರಿಗೂ ಮೊದಲೇ ಹೇಳಿಡಿ: ಊರಲ್ಲಿದ್ದಾಗಲೂ ಅವಳಿಗೆ ದಿನಾ ಅಭ್ಯಾಸ ಬೇಕು. ಗ್ರಾನೈಟ್ ನೆಲದ ಮೇಲೆ ಹಾರಿದರೆ ಮೊಣಕಾಲಿಗೂ ಕಣಕಾಲಿಗೂ ಪೆಟ್ಟು, ಮರದ ನೆಲವಿರುವ ಸ್ಟುಡಿಯೊ ಹುಡುಕಿಡಿ.