ಮೂರಿಂಗ್ ಲೆಕ್ಕ: ಉದ್ದಕ್ಕೆ ಭರತ, ವೃತ್ತಕ್ಕೆ ಇಳಿತ

ಮುಂಬೈ ಬಂದರಿನ ನೀರಿನಲ್ಲಿ ಹಾಯಿದೋಣಿ ನಡೆಸಲು ಕಲಿಯುತ್ತಿರುವ ಕನ್ನಡಿಗರಿಗಾಗಿ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ಮೂರಿಂಗ್ ಎಂದರೆ ದೋಣಿಯನ್ನು ನೀರಿನಲ್ಲೇ ಕಟ್ಟಿ ನಿಲ್ಲಿಸುವ ವ್ಯವಸ್ಥೆ. ಅದರ ಭಾಗಗಳು ಎಲ್ಲರಿಗೂ ಬೇಗ ತಿಳಿಯುತ್ತವೆ: ಸಮುದ್ರತಳದ ಕಾಂಕ್ರೀಟ್ ದಿಮ್ಮಿ, ಅದರಿಂದ ಏಳುವ ಸರಪಳಿ, ಅದು ಹೊಸೆದುಕೊಳ್ಳದಂತೆ ತಡೆಯುವ ಸ್ವಿವೆಲ್, ಮೇಲೆ ತೇಲುವ ಬೋಯಾ, ಅಲ್ಲಿಂದ ದೋಣಿಯ ಮೂತಿಗೆ ಕಟ್ಟಿದ ಹಗ್ಗ. ದಿಮ್ಮಿಯ ಬಗ್ಗೆ ಒಂದೇ ಮಾತು: ಸಾವಿರ ಕಿಲೋ ಕಾಂಕ್ರೀಟ್ ಉಪ್ಪುನೀರಿನಲ್ಲಿ ಸುಮಾರು 570 ಕಿಲೋದಷ್ಟೇ ತೂಗುತ್ತದೆ, ಆದ್ದರಿಂದ ದಡದ ಮೇಲಿನ ತೂಕವನ್ನು ನಂಬಬಾರದು.

ನಾನು ಎಡವಿದ್ದು ಸರಪಳಿಯ ಲೆಕ್ಕದಲ್ಲಿ. ನಕಾಶೆಯಲ್ಲಿ 2 ಮೀಟರ್ ಎಂದು ಬರೆದಿದ್ದರೆ ಅಲ್ಲಿ 2 ಮೀಟರ್ ನೀರಿದೆ ಎಂದುಕೊಂಡಿದ್ದೆ. ಅದು ಬಹಳ ತಗ್ಗಿದ ಇಳಿತದ ಮಟ್ಟದಿಂದ ಅಳೆದ ಆಳ. ಅದಕ್ಕೆ ಆ ಹೊತ್ತಿನ ಭರತದ ಎತ್ತರವನ್ನು ಕೂಡಿಸಬೇಕು. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಸರಾಸರಿ 0.8 ಮೀಟರಿನಿಂದ 4.4 ಮೀಟರಿನವರೆಗೆ ಏರುತ್ತದೆ. ಹಾಗಾದರೆ ಆ 2 ಮೀಟರಿನ ಜಾಗದಲ್ಲಿ ಇಳಿತದಲ್ಲಿ 2.8 ಮೀಟರ್, ಭರತದಲ್ಲಿ 6.4 ಮೀಟರ್ ನೀರು ನಿಲ್ಲುತ್ತದೆ. ಸರಪಳಿಯ ಉದ್ದವನ್ನು ಭರತದ ಆಳಕ್ಕೆ, ಅಲೆಗಳ ಏರಿಕೆಯನ್ನೂ ಸೇರಿಸಿ ನಿಗದಿ ಮಾಡಬೇಕು. ಗಿಡ್ಡ ಸರಪಳಿ ಬೋಯಾವನ್ನು ಮುಳುಗಿಸುತ್ತದೆ, ಇಲ್ಲವೇ ತೇಲುವ ದೋಣಿಯೇ ದಿಮ್ಮಿಯನ್ನು ಎತ್ತತೊಡಗುತ್ತದೆ.

ಭರತದಲ್ಲಿ ನೀರು ಹೆಚ್ಚಿರುವುದರಿಂದ ಗಾಳಿ, ಪ್ರವಾಹಗಳಿಗೆ ದೋಣಿ ಮೂರಿಂಗಿನ ಸುತ್ತ ತಿರುಗುವ ವೃತ್ತವೂ ಆಗಲೇ ದೊಡ್ಡದು ಎಂದು ಮೂರು ದಿನ ವಾದಿಸಿದೆ. ನಿಜ ಅದಕ್ಕೆ ತಿರುಗುಮುರುಗು. ಬಿಗಿಯಾಗಿ ಎಳೆದ ಸರಪಳಿಯನ್ನು ಲಂಬಕೋನ ತ್ರಿಕೋನದ ಕರ್ಣವೆಂದು ಭಾವಿಸಿ. ಆಳ ಒಂದು ಬಾಹು, ದೋಣಿ ಸರಿಯುವ ದೂರ ಇನ್ನೊಂದು. ಕರ್ಣ ಬದಲಾಗದೆ ಆಳ ಕುಗ್ಗಿದರೆ ದೂರ ಹಿಗ್ಗಲೇಬೇಕು. 12 ಮೀಟರ್ ಸರಪಳಿಗೆ ಭರತದಲ್ಲಿ ದೂರ ಸುಮಾರು 10.2 ಮೀಟರ್, ಇಳಿತದಲ್ಲಿ 11.7 ಮೀಟರ್. ಹಗ್ಗ ಮತ್ತು ದೋಣಿಯ ಉದ್ದ ಸೇರಿ 8 ಮೀಟರ್ ಎಂದರೆ ತ್ರಿಜ್ಯ 18.2 ಮತ್ತು 19.7 ಮೀಟರ್. ಭರತದ ಲೆಕ್ಕ ನಂಬಿ ಎರಡು ಮೂರಿಂಗ್‌ಗಳನ್ನು ಹಾಕಿದರೆ ನಡುವೆ 3 ಮೀಟರ್ ಕೊರತೆ ಬೀಳುತ್ತದೆ. ಎಲ್ಲ ದೋಣಿಗಳೂ ಒಟ್ಟಿಗೇ ತಿರುಗುತ್ತವೆ ಎಂಬ ಸಮಾಧಾನವೂ ಸಾಲದು: ಗಾಳಿ ಪ್ರವಾಹಕ್ಕೆ ಎದುರಾದಾಗ ಆಳವಾದ ಕೀಲ್ (ತಳದಿಂದ ನೀರಿಗೆ ಇಳಿದ ರೆಕ್ಕೆಯಂಥ ಭಾಗ) ಇರುವ ದೋಣಿ ಪ್ರವಾಹದ ಮಾತನ್ನೂ, ಹಗುರ ದೋಣಿ ಗಾಳಿಯ ಮಾತನ್ನೂ ಕೇಳುತ್ತದೆ. ಆದ್ದರಿಂದ ಒಂದೇ ಬಗೆಯ ದೋಣಿಗಳನ್ನು ಅಕ್ಕಪಕ್ಕದಲ್ಲಿ ಇಡುವುದು ಒಳ್ಳೆಯ ಕ್ಲಬ್ಬಿನ ಲಕ್ಷಣವೆಂದು ನನಗನ್ನಿಸುತ್ತದೆ.

ತಪಾಸಣೆಯ ಹೊತ್ತನ್ನು ಗೊತ್ತುಮಾಡಲು ಹನ್ನೆರಡರ ಸೂತ್ರ ನನಗೆ ಬಹಳ ಪ್ರಿಯವಾಗಿದೆ. ಸುಮಾರು ಆರು ಗಂಟೆಗಳ ಏರಿಕೆಯಲ್ಲಿ ನೀರು ಗಂಟೆಗೆ ಕ್ರಮವಾಗಿ ಹನ್ನೆರಡರಲ್ಲಿ 1, 2, 3, 3, 2, 1 ಪಾಲು ಏರುತ್ತದೆ. ಮೇಲಿನ 3.6 ಮೀಟರಿಗೆ ಒಂದು ಪಾಲು 0.3 ಮೀಟರ್, ಹಾಗಾಗಿ ಇಳಿತದ ಹಿಂದಿನ ಮತ್ತು ಮುಂದಿನ ತಲಾ ಒಂದು ಗಂಟೆ ನೀರು ಹೆಚ್ಚು ಕದಲದೆ, ಸರಪಳಿ ಎತ್ತಿ ನೋಡಲು ಎರಡು ಗಂಟೆ ಸಿಗುತ್ತವೆ.

ಸರಪಳಿ ಹೆಚ್ಚು ಸವೆಯುವುದು ನೆಲದಿಂದ ಎದ್ದು ಮತ್ತೆ ಬೀಳುವ ಭಾಗದಲ್ಲಿ. ಕೆಸರು ಉಜ್ಜಿ ತೊಳೆದು, ಕೊಂಡಿಗಳು ಒಂದನ್ನೊಂದು ತಾಗುವಲ್ಲೇ ಕ್ಯಾಲಿಪರ್‌ನಿಂದ ಅಳೆಯಬೇಕು. 12 ಮಿಲಿಮೀಟರ್ ದಪ್ಪ 9ಕ್ಕೆ ಇಳಿದರೆ ಬಲ ಕಾಲುಭಾಗ ತಗ್ಗುತ್ತದೆ ಎಂದುಕೊಳ್ಳಬಾರದು. ಬಲ ದಪ್ಪದ ವರ್ಗವನ್ನು ಅನುಸರಿಸುವುದರಿಂದ ಉಳಿಯುವುದು 56 ಶೇಕಡಾ ಮಾತ್ರ. ಅಳತೆಯನ್ನು ಮೂರಿಂಗ್ ಸಂಖ್ಯೆ, ದಿನಾಂಕಗಳೊಂದಿಗೆ ಕ್ಲಬ್ಬಿನ ವಹಿಯಲ್ಲಿ ಬರೆಯಬೇಕು. ಜೂನ್‌ಗೆ ಮೊದಲು ದೋಣಿಗಳನ್ನು ದಡಕ್ಕೆ ಎಳೆಯುವಾಗ ಒಮ್ಮೆ, ಮಳೆಗಾಲ ಮುಗಿದು ಮತ್ತೆ ನೀರಿಗಿಳಿಸುವ ಮುನ್ನ ಇನ್ನೊಮ್ಮೆ ನೋಡಬೇಕು. ಸರಪಳಿಯನ್ನು ಜೋಡಿಸುವ ಕೊಂಡಿಯಾದ ಶ್ಯಾಕಲ್‌ನ ಪಿನ್ ಕಳಚದಂತೆ ಬಿಗಿಯುವ ತಂತಿ ತಾಮ್ರದ್ದಾಗಿರಬಾರದು, ಏಕೆಂದರೆ ಉಪ್ಪುನೀರಿನಲ್ಲಿ ತಾಮ್ರದ ಸಂಗ ಪಕ್ಕದ ಕಬ್ಬಿಣವನ್ನು ತಿನ್ನುತ್ತದೆ. ಸತು ಲೇಪಿಸಿದ ತಂತಿಯನ್ನೇ ಬಳಸಬೇಕು.